ನಾಲ್ಕು ಜನ ಹಿರಿಯರು

ಎಂ.ಸಿ.ಸಿ. ಬಿ ಬ್ಲಾಕ್, ದಾವಣಗೆರೆ
14 ಏಪ್ರಿಲ್ 1985

ಮೇಷ್ಟ್ರೇ, ನಮಸ್ಕಾರ.

ಯಾವ ಹಜೀರಾಬೀ ಎಂದು ತಲೆ ಕೆರೆದುಕೊಳ್ಳಬೇಡಿ. ಕೊಕ್ಕನೂರಿನ ಕಲಾಯಿ ಮಕ್ತುಮ್ ಸಾಬರ ಮಗಳು. 1972ರಲ್ಲಿ ನಿಮ್ಮ ಏಳನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದವಳು. ಹನ್ನೆರಡು ವರ್ಷ ಒಂದು ಕಾರ್ಡೂ ಹಾಕದವಳು ಈಗ ಬರೆಯುತ್ತಿದ್ದಾಳೆಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ನೀವು ಊಹಿಸಿಯೇ ಇರುತ್ತೀರಿ. ಹೌದು, ಬಿದ್ದಿದೆ.

ನಾನೂ ಈಗ ಟೀಚರ್. ವಿದ್ಯಾನಗರದ ಕಡೆ ಒಂದು ಶಾಲೆಯಲ್ಲಿ ನಾಲ್ಕು ವರ್ಷದಿಂದ ಇದ್ದೇನೆ. ನಿಮ್ಮ ಹಾಜರಿಯನ್ನು ಕೊಕ್ಕನೂರಿನಿಂದ ಹಾಗೇ ಎತ್ತಿಕೊಂಡು ಬಂದುಬಿಟ್ಟಿದ್ದೇನೆ. ಹೆಸರು ಕೂಗಿದಾಗ ಬರೀ ‘ಹಾಜರ್’ ಅಂದರೆ ನಮ್ಮಲ್ಲೂ ಹಾಜರಿ ಹಾಕುವುದಿಲ್ಲ. ಶಾಲೆಗೆ ಬರುವ ದಾರಿಯಲ್ಲಿ ಕಂಡದ್ದು ಒಂದನ್ನು ಎದ್ದು ನಿಂತು ಹೇಳಲೇಬೇಕು. ಐವತ್ತೆರಡು ಮಕ್ಕಳು! “ಹಾಜರ್ ಟೀಚರ್, ನಮ್ಮ ಮಾವನ ಸ್ಕೂಟರ್ ಕೆಟ್ಟಿತ್ತು, ಸರ್ಕಲ್ ತನಕ ನಾನೇ ತಳ್ಕಂಡು ಬಂದೆ.” “ಹಾಜರ್ ಟೀಚರ್, ಡಾಕ್ಟ್ರ ಮನಿ ನಾಯಿಗೆ ಹೊಸ ಬೆಲ್ಟ್ ಹಾಕ್ಯಾರೆ.” ಮೊದಲ ಪೀರಿಯಡ್ಡಿನ ಅರ್ಧ ಇದಕ್ಕೇ ಹೋಗುತ್ತದೆ. ನಮ್ಮ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು “ಏನಮ್ಮ ಇದು, ಶಾಲೆನೋ ಸಂತೆನೋ” ಅನ್ನುತ್ತಾರೆ. ನಾನು ನಗುತ್ತೇನೆ, ಮುಂದಿನ ಹೆಸರು ಕೂಗುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಏಳನೇ ತರಗತಿಯಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಾಳೆ. ಹಾಜರಿಯಲ್ಲಿ ಅವಳ ಸರದಿ ಬಂದರೆ ಇಡೀ ತರಗತಿ ಕಿವಿ ನೆಟ್ಟಗೆ ಮಾಡಿ ಕೂರುತ್ತದೆ. ಅಷ್ಟು ಚೆನ್ನಾಗಿ ಮಾತಾಡುತ್ತಾಳೆ. ಅವಳ ಅಪ್ಪ ಸಣ್ಣಬೀರಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ತಾಯಿ ಓಬವ್ವ ನಮ್ಮ ಬಡಾವಣೆಯ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾರೆ. ಜೂನ್‌ನಿಂದ ಹುಲಿಗೆಮ್ಮನ ಓದು ನಿಲ್ಲಿಸಿ, ಎರಡು ಮನೆ ಕೆಲಸ ಅವಳಿಗೆ ಹಚ್ಚಬೇಕೆಂದು ತೀರ್ಮಾನ ಮಾಡಿದ್ದಾರಂತೆ. ಜೂನ್ ಒಂದನೇ ತಾರೀಖಿಗೆ ಶಾಲೆ ಬಾಗಿಲು ತೆರೆಯುತ್ತದೆ. ಅಷ್ಟರೊಳಗೆ ಅಪ್ಪ ಒಪ್ಪದಿದ್ದರೆ ಆ ಹುಡುಗಿ ಹೈಸ್ಕೂಲಿನ ಮುಖ ನೋಡುವುದಿಲ್ಲ.

ಸಣ್ಣಬೀರಪ್ಪ ಮೂಲತಃ ಕೊಕ್ಕನೂರಿನವರು, ನಿಮ್ಮ ಕೈಲೇ ಮೂರನೇ ಇಯತ್ತೆವರೆಗೆ ಓದಿದವರು! “ನಮ್ಮ ಮೇಷ್ಟ್ರು ಈಗ ಹರಿಹರದಾಗೆ ಅದಾರೆ, ಹೊಳೆ ಕಡೆ ಮನಿ” ಎಂದು ನಿಮ್ಮ ವಿಳಾಸ ಕೊಟ್ಟವರೂ ಅವರೇ. ನಿಮ್ಮ ಹೆಸರು ಹೇಳುವಾಗ ಕೈ ಮುಗಿದರು. ನೀವು ಬಂದು ಒಂದು ಮಾತು ಹೇಳಿದರೆ ಆತ ಇಲ್ಲ ಅನ್ನಲಾರ. ಮೇ ಹನ್ನೆರಡು, ಭಾನುವಾರ, ನೀವು ಬನ್ನಿ. ನಮ್ಮ ಹೆಡ್‌ಮಾಸ್ಟರನ್ನೂ, ಭಟ್ಟಿ ಮಾಲೀಕರಾದ ಮುನಾಫ್ ಸಾಹೇಬರನ್ನೂ, ಅವರ ಕೇರಿಯ ಒಬ್ಬ ಹಿರಿಯರನ್ನೂ ಕೇಳಿಕೊಂಡಿದ್ದೇನೆ. ನಾಲ್ಕು ಜನ ಹಿರಿಯರು ಮನೆಗೆ ಹೋಗಿ ಕೂತರೆ ಮಾತಿಗೆ ತೂಕ ಬರುತ್ತದೆ.

ನೀವು ನನಗಾಗಿಯೂ ಹೀಗೇ ಬಂದಿದ್ದಿರಿ. ದಾವಣಗೆರೆಯ ಭಾಷಣ ಸ್ಪರ್ಧೆಗೆ ನನ್ನನ್ನು ಕಳಿಸಲು ಅಬ್ಬಾ ಒಪ್ಪಲಿಲ್ಲ, ಅದರಲ್ಲಿ ನಿಮ್ಮ ತಪ್ಪೇನಿಲ್ಲ. ಅಬ್ಬಾ ತೀರಿಕೊಂಡು ಆರು ವರ್ಷವಾಯಿತು. ಬೇರೆಲ್ಲ ಮರೆತೆ. ಅದೊಂದಕ್ಕೆ ಮಾತ್ರ ನಾನಿನ್ನೂ ಅವರನ್ನು ಕ್ಷಮಿಸಿಲ್ಲ.

ಬರುತ್ತೀರಿ ಎಂದೇ ತಿಳಿದಿದ್ದೇನೆ.

ನಿಮ್ಮ ಶಿಷ್ಯೆ,
ಹಜೀರಾಬೀ


ಹರಿಹರ
20 ಏಪ್ರಿಲ್ 1985

ಹಜೀರಾ,

ನಿನ್ನ ಕಾಗದ ಬಂತು. ಹದಿನಾಲ್ಕು ಕಿಲೋಮೀಟರ್ ದಾಟಲು ಅದಕ್ಕೆ ನಾಲ್ಕು ದಿನ ಬೇಕಾಯಿತು. ನೀನೇ ನಡೆದುಕೊಂಡು ಬಂದಿದ್ದರೆ ಅಂದೇ ಮುಟ್ಟುತ್ತಿದ್ದೆ, ಊಟವೂ ಸಿಗುತ್ತಿತ್ತು.

ಮೂರು ಸಲ ಓದಿದೆ. ಮೊದಲನೇ ಸಲ ಖುಷಿಗೆ, ಎರಡನೇ ಸಲ ನನ್ನ ಹೆಂಡತಿಗೆ ಕೇಳಿಸಲು. ಮೂರನೆಯದು ಯಾಕೆ ಎಂದು ಕೇಳಬೇಡ.

ಹಾಜರಿಯ ಸುದ್ದಿ ಬರೆದೆಯಲ್ಲ, ನನಗೆ ಹರಿಹರ ಸ್ಟೇಷನ್ ನೆನಪಾಯಿತು. ನಿನಗೆ ನೆನಪಿದೆಯೋ ಇಲ್ಲವೋ. ಏಳನೇ ತರಗತಿಯ ಮಕ್ಕಳನ್ನು ಶನಿವಾರ ಶನಿವಾರ ಬಸ್ಸು ಹತ್ತಿಸಿಕೊಂಡು ಬರುತ್ತಿದ್ದೆ. ಪೋಸ್ಟಾಫೀಸಿನ ಕಿಟಕಿ, ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಪ್ರತಿಯೊಬ್ಬರೂ ಒಂದು ಕಿಟಕಿಗೆ ಹೋಗಿ ಒಂದು ಪ್ರಶ್ನೆ ಕೇಳಿಕೊಂಡು ಬರಬೇಕು. ನಾನು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿರುತ್ತಿದ್ದೆ. ಊರಿನವರು “ಮೇಷ್ಟ್ರು ಮಕ್ಕಳಿಗೆ ತಿರುಪೆ ಎತ್ತೋದು ಕಲಿಸ್ತಾರೆ” ಎಂದು ಆಡಿಕೊಂಡರು. ಉಚ್ಚೆಂಗಪ್ಪ ಮೇಷ್ಟ್ರಿಗೆ ತಲೆ ಸರಿಯಿಲ್ಲ ಎಂಬ ಅರ್ಜಿಯೂ ಹೋಗಿತ್ತು. ನೀನು ಸ್ಟೇಷನ್ ಮಾಸ್ತರರ ಕಿಟಕಿಗೆ ಹೋಗಿ, ಮೂಗು ಆ ಕಟ್ಟೆಗೆ ಸರಿಯಾಗಿ ಮುಟ್ಟುತ್ತಿತ್ತು, “ಸಾಹೇಬ್ರೇ, ರೈಲು ತಡಾ ಆದ್ರೆ ಅದಕ್ಕ ಯಾರು ಬೈತಾರೆ?” ಎಂದು ಕೇಳಿದೆ. ಆತ ನಕ್ಕು ನಕ್ಕು “ನನಗೇ ಬೈತಾರಮ್ಮ” ಅಂದರು. ನಿನ್ನ ಕೈಗೆ ಒಂದು ಪೆಪ್ಪರಮಿಂಟು ಬೇರೆ ಕೊಟ್ಟರು. ನೀನು ಅದನ್ನು ನನಗೆ ತಂದುಕೊಟ್ಟೆ. ಅಷ್ಟು ಜನ ಮಕ್ಕಳ ನಡುವೆ ಒಂದು ಪೆಪ್ಪರಮಿಂಟನ್ನು ನಾನು ತಿನ್ನುವುದು ಹೇಗೆ ಹೇಳು, ಜೇಬಿನಲ್ಲೇ ಕರಗಿಹೋಯಿತು.

ಎಂಥ ಕಾಲ ಅದು. ನೀವೆಲ್ಲ ಹನ್ನೆರಡು ವರ್ಷದವರು, ನಾನೂ ಹೆಚ್ಚುಕಡಿಮೆ ಅಷ್ಟೇ.

ಹನ್ನೆರಡನೇ ತಾರೀಖಿಗೆ ನನ್ನಿಂದ ಬರಲಾಗುವುದಿಲ್ಲ. ಮಂಡಿ ನೋವು. ಬಿಸಿಲೂ ಜಾಸ್ತಿ. ಹೆಂಡತಿಯ ತಮ್ಮನ ಮನೆಯಲ್ಲಿ ಮದುವೆಯೂ ಇದೆ.

ಇನ್ನೊಂದು ಮಾತು. ನೀನೂ ಯಾರನ್ನೂ ಕರೆದುಕೊಂಡು ಹೋಗಬೇಡ. ನನ್ನ ಮಾತು ಕೇಳು.

ಆಶೀರ್ವಾದಗಳು.
ಉಚ್ಚೆಂಗಪ್ಪ


ದಾವಣಗೆರೆ
27 ಏಪ್ರಿಲ್ 1985

ಮೇಷ್ಟ್ರೇ,

ನಿಮ್ಮ ಮಂಡಿ ನೋವು ಬೇಗ ವಾಸಿಯಾಗಲಿ. ಒಂದೇ ಭಾನುವಾರಕ್ಕೆ ಮಂಡಿ, ಬಿಸಿಲು, ಮದುವೆ ಮೂರೂ ಒಟ್ಟಿಗೆ ಬಂದದ್ದು ನೋಡಿ ನನಗೆ ನಮ್ಮ ತರಗತಿಯ ರಜಾ ಚೀಟಿಗಳು ನೆನಪಾದವು. ಒಂದು ಕಾರಣ ಬರೆದರೆ ನಂಬುತ್ತೇನೆ. ಮೂರು ಬರೆದರೆ ಆ ಹುಡುಗನನ್ನು ಎದ್ದು ನಿಲ್ಲಿಸುತ್ತೇನೆ.

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ. ಆದರೆ ಈ ಮಾತು ಹನ್ನೆರಡು ವರ್ಷದಿಂದ ಒಳಗೇ ಇತ್ತು. ಆ ಸ್ಪರ್ಧೆ ತಪ್ಪಿಹೋದ ಮೇಲೆ ನೀವು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಹಾಜರಿಯಲ್ಲಿ ನನ್ನ ಹೆಸರು ಬಂದರೆ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಮಾರ್ಚ್ ಆಗುವುದರೊಳಗೆ ವರ್ಗ ಮಾಡಿಸಿಕೊಂಡು ಹೋಗಿಯೂಬಿಟ್ಟಿರಿ. ನಮ್ಮ ಅಬ್ಬಾ ನಿಮಗೆ ಅವಮಾನ ಮಾಡಿದರು, ಆ ಸಾಬರ ಹುಡುಗಿಯ ಸಹವಾಸವೇ ಬೇಡ ಎಂದುಕೊಂಡಿರಿ ಎಂದು ನಾನು ತಿಳಿದೆ. ಈಗಲೂ ಅದೇ ಹೆದರಿಕೆ ಇರಬೇಕು. ಇನ್ನೊಂದು ಬಾಗಿಲಿಗೆ ಹೋಗಿ ಇನ್ನೊಂದು ಸಲ ‘ಇಲ್ಲ’ ಅನ್ನಿಸಿಕೊಳ್ಳಲು ನಿಮಗೆ ಮನಸ್ಸಿಲ್ಲ.

ಹುಲಿಗೆಮ್ಮ ನಿನ್ನೆ ತಾಯಿಯ ಜೊತೆ ನಮ್ಮ ಬೀದಿಗೆ ಬಂದಿದ್ದಳು. ಯಾರದೋ ಮನೆಯ ಹಿತ್ತಲಲ್ಲಿ ಕೂತು ಪಾತ್ರೆಗೆ ಬೂದಿ ಹಚ್ಚುತ್ತಿದ್ದಳು. “ಅಪ್ಪನ್ನ ಕೇಳಿದ್ಯೇನೆ?” ಅಂದೆ. “ಅಯ್ಯೋ ಟೀಚರ್, ಅಪ್ಪನ ಮುಂದೆ ನನಗೆ ಬಾಯೇ ಬರಲ್ಲ. ನೀವೇ ಕೇಳ್ರಿ” ಅಂದಳು. ತರಗತಿಯಲ್ಲಿ ಐವತ್ತು ಜನರ ಮುಂದೆ ಪಟಪಟ ಮಾತಾಡುವ ಹುಡುಗಿ! ಅವಳ ಪರವಾಗಿ ನಾವು ದೊಡ್ಡವರು ಬಾಯಿ ತೆರೆಯದಿದ್ದರೆ ಇನ್ನು ಯಾರು ತೆರೆಯಬೇಕು?

ನೀವು ಬರದಿದ್ದರೂ ಹನ್ನೆರಡಕ್ಕೆ ನಾವು ಹೋಗುವುದು ಹೋಗುವುದೇ. ನಾಲ್ಕರ ಬದಲು ಮೂರು ಜನ.

ಹಜೀರಾಬೀ


ಹರಿಹರ
4 ಮೇ 1985

ಹಜೀರಾ,

ನೀನು ಎದ್ದು ನಿಲ್ಲಿಸಿದೆ, ನಿಂತಿದ್ದೇನೆ. ಮಂಡಿ ನೋವು ನಿಜ. ಮದುವೆ ಸುಳ್ಳು.

ಬಸ್ಸು ಹತ್ತಿದರೆ ಅರ್ಧ ಗಂಟೆಯಲ್ಲಿ ನಿನ್ನ ಮನೆಯಲ್ಲಿರಬಹುದು. ಆದರೆ ಇದನ್ನು ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಬಾಯಿಬಿಟ್ಟು ಮಾತಾಡಿ ಎಂದವನು ಕಾಗದದ ಹಿಂದೆ ಅವಿತುಕೊಂಡಿದ್ದೇನೆ. ನಗಬೇಕೆನಿಸಿದರೆ ನಗು.

1972ರ ನವೆಂಬರ್. ಸ್ಪರ್ಧೆಗೆ ನಿನ್ನನ್ನೇ ಆರಿಸಿದ್ದೆ. ವಿಷಯ ‘ನಮ್ಮ ಊರಿನ ಕಸುಬುಗಳು’. ಅದರಲ್ಲಿ ನಿಮ್ಮ ತಂದೆ ಪಾತ್ರೆಗೆ ಕಲಾಯಿ ಹಾಕಲು ತಿದಿ ಒತ್ತುವುದು, ನವಸಾಗರದ ಹೊಗೆ ಏಳುವುದು, ಕಪ್ಪಗಿದ್ದ ಹಂಡೆಯ ಒಳಗೆ ಬೆಳ್ಳಗೆ ಮುಖ ಕಾಣುವುದು, ಎಲ್ಲ ನೀನೇ ಸೇರಿಸಿದ್ದೆ. ನಾನು ಒಂದು ಅಕ್ಷರ ಬರೆದುಕೊಡಲಿಲ್ಲ. “ಮನಿಯಾಗೆ ಒಪ್ತಾರಾ?” ಎಂದು ಕೇಳಿದೆ. ನೀನು “ನಾನೇ ಕೇಳ್ತೀನಿ ಮೇಷ್ಟ್ರೇ” ಅಂದೆ. ಎರಡು ದಿನ ಕಳೆಯಿತು, ನೀನು ಇನ್ನೂ ಕೇಳಿರಲಿಲ್ಲ. ನನಗೆ ಅವಸರ. ದಾವಣಗೆರೆಗೆ ಹೆಸರು ಕಳಿಸಬೇಕಿತ್ತು. “ನೀ ಸುಮ್ನಿರು, ನಾ ಕೇಳ್ತೀನಿ” ಅಂದೆ. ನಿನಗೆ ಇದು ನೆನಪಿದೆಯೋ ಇಲ್ಲವೋ. ನನಗೆ ಮಾತ್ರ ಒಂದು ದಿನವೂ ಮರೆತಿಲ್ಲ.

ಬರಿಗೈಯಲ್ಲಿ ಹೋಗುವುದು ಸರಿಯಲ್ಲ ಎನಿಸಿತು. ನಮ್ಮ ಕಡೆ ಹೆಣ್ಣು ಕೇಳಲು ಹೋಗಲಿ, ಜಗಳ ತೀರಿಸಲು ಹೋಗಲಿ, ಹಿರಿಯರು ಜೊತೆಗಿರಬೇಕಲ್ಲ. ಗೌಡರ ಬೋರಣ್ಣ, ನಿಮ್ಮ ಮಸೀದಿಯ ಹಯಾತ್ ಸಾಬರು, ಪಂಚಾಯ್ತಿ ಮೆಂಬರು ಒಬ್ಬರು, ನಾನು. ನಾಲ್ಕು ಜನ. ಗುರುವಾರ ಸಂಜೆ ನಿಮ್ಮ ಬಾಗಿಲಿಗೆ ಹೋದೆವು. ನಿಮ್ಮ ತಂದೆ ನಮ್ಮನ್ನು ನೋಡಿದವರೇ ಎದ್ದು ನಿಂತರು, ಮುಖ ಬಿಳುಚಿಕೊಂಡಿತು. “ಕೂಡ್ರಿ” ಎಂದು ಚಾಪೆ ಹಾಸಿದರು. ನೀನು ಪರದೆಯ ಹಿಂದೆ ಇದ್ದೆ, ಕಾಲು ಕಾಣುತ್ತಿತ್ತು. ನಾನು ಕೇಳಿದೆ. ಅವರು ನನ್ನನ್ನು ನೋಡಲಿಲ್ಲ, ಗೌಡರನ್ನು ನೋಡಿ “ಆಗಾಕಿಲ್ರಿ” ಅಂದರು. ಅಷ್ಟೇ.

ಹತ್ತು ದಿನದ ಮೇಲೆ ಹರಿಹರದ ಸಂತೆಯಲ್ಲಿ ಅವರು ಸಿಕ್ಕರು. ಒಂದು ಹೋಟೆಲಿಗೆ ಕರೆದುಕೊಂಡು ಹೋಗಿ ಚಹಾ ತರಿಸಿದರು. ಆಮೇಲೆ ಕೇಳಿದರು.

“ಮೇಷ್ಟ್ರೇ, ನಾ ಏನಾರ ಕಳವು ಮಾಡಿದ್ನೇನ್ರಿ, ಪಂಚರನ್ನ ಕರ್ಕಂಡು ಬಂದ್ರಿ?”

“ಇಲ್ಲ ಮಕ್ತುಮ್ ಸಾಬ್ರೇ. ಮರ್ಯಾದಿಗೆ ಅಂತ ಕರ್ಕಂಡು ಬಂದೆ.”

“ಯಾರ ಮರ್ಯಾದಿರಿ? ಅಕಿ ನನ್ನ ಮಗಳು. ಅಕಿ ಬಂದು ‘ಅಬ್ಬಾ, ನಾ ಹೋಗ್ತೀನಿ’ ಅಂತ ಒಂದು ಮಾತು ಕೇಳ್ತಾಳೆ ಅಂತ ಕಾಯ್ಕಂಡು ಕುಂತಿದ್ದೆ. ಹೂಂ ಅನ್ನಾಕ ಕುಂತಿದ್ದೆ ರೀ! ನೀವು ಗೌಡ್ರನ್ನ ತಂದು ನನ್ನ ಬಾಗಲಾಗೆ ನಿಲ್ಲಿಸಿದ್ರಿ. ಅವ್ರ ಮುಂದೆ ಹೂಂ ಅಂದಿದ್ರೆ ಊರು ಏನಂತಿತ್ತು? ಸಾಬ ಹೆದ್ರಿ ಮಗಳನ್ನ ಕಳಿಸಿದ ಅಂತಿತ್ತು. ಮಗಳ ಮ್ಯಾಲಿನ ಪ್ರೀತಿಗೆ ಕಳಿಸಿದ ಅಂತ ಯಾರು ಅಂತಿದ್ರು?”

ನನ್ನ ಕೈಲಿದ್ದ ಚಹಾ ಹಾಗೇ ಇತ್ತು.

ನಿನಗೆ ಆಗಲೇ ಹೇಳಬೇಕಿತ್ತು. ಹೇಳಿದ್ದರೆ ಅಪ್ಪನ ಮೇಲಿನ ನಿನ್ನ ಸಿಟ್ಟು ನನ್ನ ಮೇಲೆ ತಿರುಗುತ್ತಿತ್ತು. ನಿನ್ನ ಕಣ್ಣಲ್ಲಿ ದೊಡ್ಡ ಮೇಷ್ಟ್ರಾಗಿಯೇ ಉಳಿಯಬೇಕೆಂಬ ಆಸೆ ನನಗಿತ್ತು. ತಲೆ ಎತ್ತಿ ನಿನ್ನನ್ನು ನೋಡಲಾಗದೆ ಹಾಜರಿ ಪುಸ್ತಕ ನೋಡುತ್ತಿದ್ದೆ. ಅದೂ ಸಾಲದೆ ವರ್ಗ ಕೇಳಿಕೊಂಡೆ. ಬಡಪಾಯಿ ಅಪ್ಪ ನಿನ್ನ ಸಿಟ್ಟನ್ನು ಸಾಯುವವರೆಗೂ ಹೊತ್ತುಕೊಂಡರು ಎಂದು ನಿನ್ನ ಕಾಗದ ನೋಡಿದ ಮೇಲೆಯೇ ನನಗೆ ತಿಳಿದದ್ದು.

ಸಣ್ಣಬೀರಪ್ಪ ನನ್ನ ಮುಂದೆ ಇಲ್ಲ ಅನ್ನಲಾರ, ಅದು ನಿಜ. ಅದಕ್ಕೇ ನಾನು ಬರುವುದಿಲ್ಲ. ಬಾಯಿ ಕಟ್ಟಿಸಿಕೊಂಡು ಹೂಂ ಅಂದವನು ಮನೆಗೆ ಹೋಗಿ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾನೆ ಎಂದು ಯೋಚಿಸು. ಹುಲಿಗೆಮ್ಮನೇ ಕೇಳಲಿ. ತರಗತಿಯಲ್ಲಿ ಮಾತಾಡುವುದನ್ನು ನಾನು ಚೆನ್ನಾಗಿ ಕಲಿಸಿದೆ. ಮನೆಯಲ್ಲಿ ಮಾತಾಡುವುದನ್ನು ಕಲಿಸಲಿಲ್ಲ. ಅದನ್ನು ನೀನು ಕಲಿಸು.

ಉಚ್ಚೆಂಗಪ್ಪ


ಹರಿಹರ (ಕಾರ್ಡು)
19 ಮೇ 1985

ಹಜೀರಾ,

ಹದಿನೈದು ದಿನವಾಯಿತು, ಉತ್ತರವಿಲ್ಲ. ಬರೆಯದಿದ್ದರೂ ತಪ್ಪಿಲ್ಲ. ಅಂಚೆಯವನು ಈಗೀಗ ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸಿ ಸೈಕಲ್ ಮುಂದೆ ಬಿಡುತ್ತಾನೆ.

ಹನ್ನೆರಡರಂದು ನೀವು ಹೋದಿರಾ, ಇಲ್ಲವಾ? ಆ ಹುಡುಗಿಯದು ಏನಾಯಿತು? ಅಷ್ಟು ತಿಳಿಸಿದರೆ ಸಾಕು. ನನ್ನ ಬಗ್ಗೆ ಏನೂ ಬರೆಯಬೇಡ.

ಉ.


ದಾವಣಗೆರೆ
2 ಜೂನ್ 1985

ಮೇಷ್ಟ್ರೇ,

ಹೋಗಲಿಲ್ಲ. ಹೆಡ್‌ಮಾಸ್ಟರಿಗೆ ಬೇಡ ಅಂದೆ, ಮುನಾಫ್ ಸಾಹೇಬರಿಗೂ ಕೇರಿಯ ಹಿರಿಯರಿಗೂ ಬೇಡ ಅಂದೆ. ಮೂವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ತಯಾರಾಗಿದ್ದರಂತೆ, ಬೈದುಕೊಂಡರು.

ನಿಮ್ಮ ಕಾಗದ ಓದಿ ನಾನು ಅತ್ತೆ. ಆಮೇಲೆ ಸಿಟ್ಟು ಬಂತು. ನಿಮ್ಮ ಮೇಲೆ, ಬಹಳ. ಉತ್ತರ ಬರೆಯಲು ಕೂತರೆ ಒಳ್ಳೆಯ ಮಾತೇ ಬರುತ್ತಿರಲಿಲ್ಲ, ಅದಕ್ಕೇ ಬರೆಯಲಿಲ್ಲ. ‘ನೀ ಸುಮ್ನಿರು’ ಎಂದದ್ದು ನನಗೆ ನೆನಪಿದೆ ಮೇಷ್ಟ್ರೇ. ಆಗ ನನಗೆ ಎಷ್ಟು ಹಾಯೆನಿಸಿತ್ತು ಎಂಬುದೂ ನೆನಪಿದೆ. ಅಬ್ಬಾನ ಮುಂದೆ ನಿಂತು ಕೇಳುವುದು ತಪ್ಪಿತಲ್ಲ ಎಂದು. ಎಲ್ಲ ತಪ್ಪನ್ನೂ ನೀವೊಬ್ಬರೇ ತಲೆ ಮೇಲೆ ಹೊತ್ತುಕೊಳ್ಳಬೇಡಿ. ನಾನೂ ಕೇಳಬಹುದಿತ್ತು. ಗುರುವಾರದಿಂದ ಸ್ಪರ್ಧೆಯ ಭಾನುವಾರದವರೆಗೆ ಮೂರು ದಿನ ಇತ್ತು.

ರಂಜಾನ್ ಶುರುವಾಗಿದೆ. ಒಂದು ಸಂಜೆ ರೋಜಾ ಬಿಟ್ಟು ಗಂಜಿ ಕುಡಿಯುತ್ತಾ ಕೂತಾಗ ಅಮ್ಮಾನಿಗೆ ನಿಮ್ಮ ಕಾಗದ ಓದಿ ಹೇಳಿದೆ. ನಮ್ಮ ಅಮ್ಮಾ ಸುಗ್ರಾಬಿ ಹೆಚ್ಚು ಮಾತಿನವರಲ್ಲ, ನಿಮಗೆ ಗೊತ್ತು. ಗಂಜಿಯ ಬಟ್ಟಲು ಕೆಳಗಿಟ್ಟು, “ಆ ಐತವಾರ ನಿಮ್ಮಬ್ಬ ಕೆಲ್ಸಕ್ಕೆ ಹೋಗ್ಲಿಲ್ಲ, ನೆನಪೈತಾ?” ಅಂದರು. ನೆನಪಿತ್ತು. ಸ್ಪರ್ಧೆಯ ದಿನ. ಬೆಳಿಗ್ಗೆಯೇ ಹೊಸ ಲುಂಗಿ ಉಟ್ಟು, ಟೋಪಿ ಹಾಕಿ ಹೊಸ್ತಿಲ ಮೇಲೆ ಕೂತಿದ್ದರು. ದಾವಣಗೆರೆಯ ಬಸ್ಸು ಹೋಗಿ, ಎರಡನೇ ಬಸ್ಸೂ ಹೋಗುವ ತನಕ ಏಳಲಿಲ್ಲ. ನಾನು ಕದ್ದು ಓಡಿಹೋಗದ ಹಾಗೆ ಕಾವಲು ಕೂತಿದ್ದಾರೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

“ಅಕಿ ಈಗ್ಲಾದ್ರೂ ಕೇಳ್ತಾಳೆ, ಕೇಳಿದ್ರೆ ಕರ್ಕಂಡು ಹೋಗಾನ ಅಂತ ಕುಂತಿದ್ರು” ಅಂದರು ಅಮ್ಮಾ.

“ನೀನ್ಯಾಕ ನನಗೆ ಹೇಳ್ಲಿಲ್ಲ?” ಅಂದೆ.

“ನೀನೂ ಕೇಳ್ಲಿಲ್ಲಲ್ಲ” ಅಂದರು.

ಅವತ್ತು ನಾನು ಒಳಗೆ ಕೂತು, ಅವರಿಗೆ ಕೇಳಿಸಲಿ ಎಂದೇ ಪಾತ್ರೆಗಳನ್ನು ದಡಬಡ ಎತ್ತಿ ಹಾಕಿದ್ದೆ. ಅವರು ತಿರುಗಿಯೂ ನೋಡಲಿಲ್ಲ. ನನಗೆ ಬಹಳ ಸಂಕಟವಾಗುತ್ತಿದೆ ಮೇಷ್ಟ್ರೇ. ಇದನ್ನು ನಿಮಗಲ್ಲದೆ ಬೇರೆ ಯಾರಿಗೂ ಬರೆಯಲಾರೆ. ನಿಮ್ಮ ಮೇಲಿನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ, ಹುಡುಕಿದರೂ ಸಿಗುತ್ತಿಲ್ಲ.

ಹುಲಿಗೆಮ್ಮನದು ಹೇಳುತ್ತೇನೆ. “ನಿನ್ನ ಪರವಾಗಿ ಯಾರೂ ಬರಲ್ಲ, ನೀನೇ ಕೇಳು” ಅಂದೆ. ಮುಖ ಊದಿಸಿಕೊಂಡಳು. ನಾಲ್ಕು ದಿನ ನಮ್ಮ ಮನೆ ಜಗಲಿಯಲ್ಲಿ ತಾಲೀಮು ಮಾಡಿಸಿದೆ. ನಾನೇ ಸಣ್ಣಬೀರಪ್ಪ. ಟವಲ್ ತಲೆಗೆ ಸುತ್ತಿಕೊಂಡು “ಏನೇ ಅದು?” ಎಂದು ಗದರುತ್ತಿದ್ದೆ, ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಭಟ್ಟಿಗೆ ಹೋಗಲು ಶುರುಮಾಡಿದಳು. ಮೂರು ದಿನ ಬುತ್ತಿ ಕೊಟ್ಟು ಬಾಯಿ ತೆರೆಯದೆ ವಾಪಸ್ಸು ಬಂದಳು. ನಾಲ್ಕನೇ ದಿನ ಅಪ್ಪ ಬೆವರು ಒರೆಸಿಕೊಂಡು ಹೊರಗೆ ಬಂದು ಕೂತಾಗ ಕೇಳಿಯೇಬಿಟ್ಟಳಂತೆ. ಅವಳು ಹೇಳಿದ್ದನ್ನೇ ಬರೆಯುತ್ತೇನೆ.

“ಅಪ್ಪಾ, ನಾ ಹೈಸ್ಕೂಲಿಗೆ ಹೋಗ್ತೀನಿ.”

“ಯಾರು ಹೇಳಿಕೊಟ್ರು? ಟೀಚರಾ?”

“ಕೇಳು ಅಂದ್ರು. ಏನ್ ಕೇಳ್ಬೇಕು ಅಂತ ನನಗೇ ಗೊತ್ತೈತೆ.”

“ಮತ್ತೆ ಆ ಎರಡು ಮನಿ ಕೆಲ್ಸ?”

“ಬೆಳಿಗ್ಗೆ ಒಂದು ಮನಿ ಮಾಡ್ತೀನಿ. ಎರಡಾಗಲ್ಲ.”

ಸಣ್ಣಬೀರಪ್ಪ ರೊಟ್ಟಿ ಮುರಿದು ತಿಂದು, ನೀರು ಕುಡಿದು, “ಒಂದು ಮನಿ ಅಂದ್ಯಲ್ಲ, ತಪ್ಪಬಾರ್ದು ನೋಡು” ಅಂದರಂತೆ. ನಾನಾಗಿದ್ದರೆ ಆ ಒಂದು ಮನೆಯನ್ನೂ ಬಿಡಿಸುತ್ತಿದ್ದೆ. ಆದರೆ ಚೌಕಾಸಿ ಅವಳದು, ನಾನು ನಡುವೆ ಬಾಯಿ ಹಾಕಲಿಲ್ಲ.

ನಿನ್ನೆ ಶಾಲೆ ತೆರೆಯಿತು. ಟಿ.ಸಿ. ತೆಗೆದುಕೊಳ್ಳಲು ಅಪ್ಪನ ಜೊತೆ ಬಂದಿದ್ದಳು. ಸಣ್ಣಬೀರಪ್ಪ ಸಹಿ ಹಾಕಲು ಆಫೀಸಿನ ಒಳಗೆ ಹೋದಾಗ ನನ್ನ ಹತ್ತಿರ ಓಡಿಬಂದು, “ಟೀಚರ್, ಕೇಳಿದ್ರೆ ಹೂಂ ಅಂತಾರೆ ಅಂತ ನಿಮಗೆ ಹೆಂಗೆ ಗೊತ್ತಿತ್ತು?” ಅಂದಳು.

“ನಮ್ಮ ಅಬ್ಬಾನೂ ಹೂಂ ಅಂತಿದ್ರು” ಅಂದೆ.

“ನೀವು ಹೆಂಗೆ ಕೇಳಿದ್ರಿ?”

“ಕೇಳ್ಲೇ ಇಲ್ಲ ಕಣೇ.”

ಅವಳಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವಳಪ್ಪ ಒಳಗಿನಿಂದ ಕೂಗಿದರು, ಹೋದಳು.

ನಿಮ್ಮ ಶಿಷ್ಯೆ,
ಹಜೀರಾಬೀ